ಕಳ್ಳಿಸಾಲಿನ ಆಚೆ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದು ಹುಲಿಗೆವ್ವನ ರೊಟ್ಟಿ ಬಡಿಯುವ ಸಪ್ಪಳದಿಂದ. ಅವಳ ಗಂಡ ಹೊಳೆಯಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಿಗ. ಮದುವೆಯಾದ ಹೊಸದರಲ್ಲೇ ಇಬ್ಬರೂ ಸುಳ್ಳ ಎಂಬ ಹಳ್ಳಿಯ ಊರಹೊರಗಿನ ಕೇರಿ ಬಿಟ್ಟು ಬಂದು, ಇಲ್ಲಿ ದೀಕ್ಷಾಸ್ನಾನ ಪಡೆದು ನಮ್ಮ ಕ್ರೈಸ್ತ ಸಭೆ ಸೇರಿದ್ದರು. ಹೆಸರು ಮಾತ್ರ ಬದಲಿಸಿಕೊಳ್ಳಲಿಲ್ಲ. "ದೇವರಿಗೆ ನನ್ನ ಗುರುತು ಹತ್ತಿದ್ರ ಸಾಕ್ರೀ ಅಕ್ಕೋರ" ಎಂದು ಹುಲಿಗೆವ್ವ ನಗುತ್ತಿದ್ದಳು. ನಾನು ಅವರ ಪಕ್ಕದ ಮನೆಯವಳು, ಹುಡುಗಿಯರ ಸಾಲೆಯಲ್ಲಿ ಹೊಲಿಗೆ ಕಲಿಸುವವಳು.

ಸಭೆಯಲ್ಲಿ ಯಾರೇ ತೀರಿಕೊಳ್ಳಲಿ, ಶವದ ಪೆಟ್ಟಿಗೆ ಮಾಡುತ್ತಿದ್ದವನು ಹೊಳೆಯಪ್ಪ. ಕೂಲಿ ಮುಟ್ಟುತ್ತಿರಲಿಲ್ಲ. ಹಿರಿಯರಿಗೂ ಬಡವರಿಗೂ ಒಂದೇ ಥರದ ಹಲಗೆ, ಒಂದೇ ಥರದ ಮೊಳೆ.

ಆದರೆ ಸ್ಮಶಾನಕ್ಕೆ ಹೋದಮೇಲೆ ದಾರಿ ಎರಡಾಗುತ್ತಿತ್ತು. ನಮ್ಮ ಸ್ಮಶಾನದ ನಡುವೆ ಆಳೆತ್ತರದ ಕಳ್ಳಿಸಾಲು ಇತ್ತು. ಈಚೆ, ಮೇಲುಜಾತಿಯಿಂದ ಕ್ರೈಸ್ತರಾದ ಹಳೆಯ ಮನೆತನಗಳ ಗೋರಿಗಳು; ಅವರು ಹೋಗುವುದು ದೊಡ್ಡ ಬಾಗಿಲಿನಿಂದ. ಆಚೆ, ಕೇರಿಯಿಂದ ಬಂದವರು. ಅವರನ್ನು ಒಯ್ಯುವುದು ಹಿಂದಿನ ಗಟಾರದ ಹಾದಿಯಿಂದ. ಆ ಕಳ್ಳಿ ಯಾರು ನೆಟ್ಟರೋ ಯಾರಿಗೂ ನೆನಪಿಲ್ಲ. ಕೇಳಿದರೆ "ಮೊದಲಿಂದ ಹಂಗ ಐತಿ" ಎಂಬ ಒಂದೇ ಉತ್ತರ. ಜಾತಿ ಬಿಟ್ಟೆವೆಂದು ಬಾಯಿತುಂಬ ಹಾಡುತ್ತೇವೆ, ಸತ್ತವರ ನಡುವೆಯೂ ಅದನ್ನೇ ನೆಟ್ಟು ಕಾಯುತ್ತೇವೆ. ನಮಗೆ ನಾಚಿಕೆ ಬೇಡವೇ?

ಹುಲಿಗೆವ್ವನ ಒಬ್ಬಳೇ ಮಗಳು ಮಾರ್ಥಾ ಎರಡು ವರ್ಷದವಳಿದ್ದಾಗ ತೀರಿಕೊಂಡಿದ್ದಳು. ಅವಳನ್ನೂ ಆಚೆಯೇ ಹೂತರು. ಅವತ್ತು ಪಾದ್ರಿ ದೇವದಾನಪ್ಪನವರು ತಾಯಿಯ ತಲೆಯ ಮೇಲೆ ಕೈಯಿಟ್ಟು, "ಈ ಕಳ್ಳಿ ತಗಸ್ತೇನವ್ವ, ಇದು ನನ್ನ ಮಾತು" ಎಂದಿದ್ದರು. ಅವಳು ನಂಬಿದಳು. ವರ್ಷಗಳು ಹೋದವು, ಕಳ್ಳಿ ಇನ್ನಷ್ಟು ದಟ್ಟವಾಯಿತು. ಪಾದ್ರಿಗಳ ಉಪದೇಶ ಮಾತ್ರ ವಾರವಾರಕ್ಕೂ ಚೆಂದವಾಗುತ್ತ ಹೋಯಿತು.

ಅರವತ್ತೊಂದರ ಚಳಿಗಾಲದಲ್ಲಿ ವಿಷಮಜ್ವರ ಬಂದು ಹೊಳೆಯಪ್ಪ ತೀರಿಕೊಂಡ. ವರ್ಕ್‌ಶಾಪಿನ ಅವನ ಗೆಳೆಯ ಉಸ್ಮಾನಸಾಬ ಅಳುತ್ತಲೇ ಪೆಟ್ಟಿಗೆ ಮಾಡಿದ.

ಬೆಳಿಗ್ಗೆ ಪಾದ್ರಿಗಳು ಸಭೆಯ ಹಿರಿಯ ಶಾಂತಯ್ಯನವರೊಡನೆ ಬಂದರು. ಶಾಂತಯ್ಯನವರ ಅಜ್ಜ ಜಂಗಮರಾಗಿದ್ದು ಕ್ರೈಸ್ತರಾದವರು. ಮೂರು ತಲೆಮಾರು ಕಳೆದರೂ ಮೊಮ್ಮಗನಿಗೆ ಆ ಹಿರಿಮೆ ಇಳಿದಿರಲಿಲ್ಲ.

"ಹುಲಿಗೆವ್ವ, ಹೊಳೆಯಪ್ಪ ಸಭಾದ ಸೇವಾ ಭಾಳ ಮಾಡ್ಯಾನ. ಅವನೊಬ್ಬಗ ಈಚೆ ಕಡೆ ಜಾಗಾ ಕೊಡಾಕ ಹಿರ್ಯಾರು ಒಪ್ಪ್ಯಾರ" ಎಂದರು ಪಾದ್ರಿಗಳು.

"ಇದೊಂದ ಸಲ" ಎಂದರು ಶಾಂತಯ್ಯನವರು. "ಇದನ್ನ ಹಿಡಕೊಂಡು ನಾಳೆ ಎಲ್ಲಾರೂ ಕೇಳಬಾರದು."

ಹುಲಿಗೆವ್ವ ಕಣ್ಣೊರೆಸಿಕೊಂಡಳು. "ನನ್ನ ಕೂಸು ಆಚೆ ಐತ್ರಿ. ಗುಡ್ಡವ್ವಾಯಿ, ನೀಲಪ್ಪ ಕಾಕಾ, ಎಲ್ಲಾರೂ ಆಚೆ ಅದಾರ. ಅವರೇನು ದೇವರಿಗೆ ಕಮ್ಮಿ ಮಕ್ಕಳೇನ್ರಿ? ಕೊಡೂದಾದ್ರ ಕಳ್ಳಿ ತಗೀರಿ. ಇಲ್ಲಂದ್ರ ಈ ಉಪಕಾರ ನನಗ ಬ್ಯಾಡ."

"ಹಠ ಮಾಡಬ್ಯಾಡ. ಹಿಂದಿನವರು ಮಾಡಿದ್ದನ್ನ ಸುಮ್ಮನ ಮಾಡಿಲ್ಲ" ಎಂದರು ಶಾಂತಯ್ಯನವರು.

ನನಗೆ ಬಾಯಿ ತಡೆಯಲಾಗಲಿಲ್ಲ. "ಯಜಮಾನ್ರ, ನಿಮ್ಮ ಅಜ್ಜಾರು ಜಾತಿ ಬಿಟ್ಟು ಬಂದ್ರು. ಅವರು ಬಿಟ್ಟು ಬಂದದ್ದನ್ನ ನೀವ್ಯಾಕ ಆರಿಸಿಕೊಂಡು ಬಂದೀರಿ?" ಎಂದೆ. ಶಾಂತಯ್ಯನವರು ಸಿಡುಕಿ ಎದ್ದು ಹೋದರು. ಪಾದ್ರಿಗಳು ತಲೆ ತಗ್ಗಿಸಿಕೊಂಡು ಅವರ ಹಿಂದೆ ಹೋದರು.

ಮೂಲೆಯಲ್ಲಿ ಕುಳಿತು ಎಲ್ಲ ಕೇಳುತ್ತಿದ್ದವನು ಹುಲಿಗೆವ್ವನ ಅಣ್ಣ ಗುರುಶಿದ್ದಪ್ಪ. ಊರಲ್ಲಿ ಸಾಲಿ ಮಾಸ್ತರ. ಇತ್ತೀಚೆಗೆ ಬೌದ್ಧ ದೀಕ್ಷೆ ಪಡೆದವನು. "ನೋಡಿದಿ ತಂಗಿ? ಇವರೊಳಗೂ ಕೇರಿ ಐತಿ. ಇನ್ನರ ಈ ಸಭಾ ಬಿಟ್ಟು ನನ್ನ ಕೂಡ ಬಾ."

"ನಿನ್ನ ಮಾತು ಖರೇ ಐತಿ ಅಣ್ಣಾ. ಇವರನ್ನ ನಂಬಿ ಮೋಸ ಹೋದೆ. ಪಾದ್ರಿಗೋಳ ಮಾತು ನೆನಸಿದ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಆದ್ರ ಕೂಸು ಹೋದಾಗ ನನ್ನ ಕೂಡ ಕೂತು ಅತ್ತಾಂವ ಯೇಸು. ಅವನನ್ನೂ ಊರ ಹೊರಗ ಒಯ್ದ ಕೊಂದ್ರು. ನಮ್ಮಂಥಾವನ ಅಂವ. ಇವರ ಸಂಬಂಧ ಅವನ್ನ ಹ್ಯಾಂಗ ಬಿಡ್ಲಿ?"

ಗುರುಶಿದ್ದಪ್ಪ ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತ. "ಬಿಡಬ್ಯಾಡ ಹಂಗಾರ. ಈಗೇನು ಮಾಡೂಣು, ಹೇಳು" ಎಂದ.

"ಒಂದು ಕೊಡ್ಲಿ ತಗೊಂಡು ಬಾ" ಎಂದಳು.

ಮಧ್ಯಾಹ್ನ ಪೆಟ್ಟಿಗೆ ಎತ್ತಿದರು. ಗಟಾರದ ಹಾದಿಯ ಕಡೆ ತಿರುಗಿದವರನ್ನು ಹುಲಿಗೆವ್ವ ತಡೆದಳು. "ದೊಡ್ಡ ಬಾಗಲದಾಗ ನಡೀರಿ." ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಸ್ಮಾನಸಾಬ ಮೊದಲು ಹೆಜ್ಜೆ ಹಾಕಿದ, ಉಳಿದವರು ಹಿಂಬಾಲಿಸಿದರು. ಹಳೆಯ ಮನೆತನಗಳ ಗೋರಿಗಳ ನಡುವೆ ಹಾದು, ಕಳ್ಳಿಸಾಲಿನ ಮುಂದೆ ಪೆಟ್ಟಿಗೆ ಇಳಿಸಿದರು. ತೋಡಿದ ಕುಣಿ ಆಚೆ ಇತ್ತು, ಮಾರ್ಥಾಳ ಪಕ್ಕದಲ್ಲಿ.

ಹುಲಿಗೆವ್ವ ಅಣ್ಣನ ಕೈಯಿಂದ ಕೊಡಲಿ ಇಸಿದುಕೊಂಡು ಮೊದಲ ಏಟು ಹಾಕಿದಳು. ಕಳ್ಳಿಯ ಹಾಲು ಕೈಮೇಲೆ ಸಿಡಿಯಿತು. ಅವಳು ಒರೆಸಿಕೊಳ್ಳಲೂ ಇಲ್ಲ.

"ಯಾರ ಹುಕುಂ ಇದು?" ಶಾಂತಯ್ಯನವರು ಅಡ್ಡ ಬಂದರು.

"ಅಯ್ಯನೋರದ್ರಿ. ಮಾರ್ಥಾನ್ನ ಮಣ್ಣು ಮಾಡಿದ ದಿನಾನ ಕೊಟ್ಟಾರ."

ಎಲ್ಲರೂ ಪಾದ್ರಿಗಳ ಕಡೆ ನೋಡಿದರು. ಅವರ ಮುಖ ಬೆವೆತಿತ್ತು. ಶಾಂತಯ್ಯನವರನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. "ಹೌದು" ಎಂದರು ಕೊನೆಗೆ, ಹತ್ತಿರವಿದ್ದವರಿಗಷ್ಟೇ ಕೇಳುವಂತೆ. "ನಾನ ಹೇಳಿದ್ದು."

ಅಣ್ಣ ತಂಗಿ ಸರದಿಯಂತೆ ಕಡಿದರು. ಪೆಟ್ಟಿಗೆ ಹಾಯುವಷ್ಟು ಜಾಗವಾಯಿತು. ಜನ ಆಚೆ ಹೋದರು. ಪಾದ್ರಿಗಳು ಮಾತ್ರ ಪುಸ್ತಕ ಹಿಡಿದು ಈಚೆಯೇ ನಿಂತಿದ್ದರು.

ಹುಲಿಗೆವ್ವ ಕುಣಿಯ ಬಳಿಯಿಂದ ತಿರುಗಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ದಾರಿ ಆಗೇತ್ರಿ ಅಯ್ಯನೋರ. ಬರ್ರಿ."

ಅವರು ದಾಟಿ ಬಂದರು.

ಮುಂದಿನ ರವಿವಾರ ಅವಳು ಚರ್ಚಿನ ಮೆಟ್ಟಿಲೇರುವಾಗ ಶಾಂತಯ್ಯನವರು, "ಇಷ್ಟೆಲ್ಲಾ ಮಾಡಿ ಮತ್ತ ಇಲ್ಲಿಗೇ ಬಂದಿ?" ಎಂದರು. "ನಾ ಬಂದದ್ದು ದೇವರ ಮನೀಗ್ರಿ, ನಿಮ್ಮ ಮನೀಗಲ್ಲ" ಎಂದು ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಕಳ್ಳಿಯನ್ನು ಕಡಿದು ಅಲ್ಲೇ ಬಿಟ್ಟರೆ ತುಂಡುತುಂಡೂ ಬೇರು ಬಿಡುತ್ತದೆ. ಆರಾಧನೆ ಮುಗಿದ ಮೇಲೆ ಹುಲಿಗೆವ್ವ ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೊರಟಳು. ನಾನೂ ಬುಟ್ಟಿ ತೆಗೆದುಕೊಂಡು ಹೊರಟೆ. ದೊಡ್ಡ ಬಾಗಿಲ ಹತ್ತಿರ ಯಾರೋ ಕರೆದಂತಾಗಿ ತಿರುಗಿ ನೋಡಿದರೆ, ಶಾಂತಯ್ಯನವರ ಸೊಸೆ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು.