ಸೋಯಾ ಹೊಲದಲ್ಲಿ ಹೆಲಿಕಾಪ್ಟರ್

ಔರಾದಿನ ಶಾಲೆಯ ಮೈದಾನದಿಂದ ಹೊರಡುವ ಮುನ್ನ ಪೈಲಟ್ ಶಾಲೋಮ ಕೇಳಿದ್ದು ರೋಗಿಯ ತೂಕವನ್ನು ಮಾತ್ರ. ಕಾಯಿಲೆ ಏನು, ಎಷ್ಟು ಗಂಭೀರ ಎಂಬುದನ್ನು ಪೈಲಟ್‌ಗೆ ಹೇಳಬಾರದೆಂದು ಅವಳ ಕಂಪನಿಯ ನಿಯಮ. ಗೊತ್ತಾದರೆ ಕನಿಕರಕ್ಕೆ ಬಿದ್ದು ಹಾರಬಾರದ ಕಡೆ ಹಾರುತ್ತಾರೆ. ಹೆಲಿಕಾಪ್ಟರಿನ ಹಿಂಬದಿಯಲ್ಲಿ ಸ್ಟ್ರೆಚರಿನ ಮೇಲೆ ರೋಗಿ ಕೌಸಲ್ಯಾಬಾಯಿ, ಪಕ್ಕದಲ್ಲಿ ನರ್ಸ್ ಯುನುಸ, ಮುಂದಿನ ಸೀಟಿನಲ್ಲಿ ಮಗ ರತ್ನದೀಪ. ಹೋಗಬೇಕಾದದ್ದು ಹೈದರಾಬಾದಿಗೆ.

ಹತ್ತೇ ನಿಮಿಷದಲ್ಲಿ ದಕ್ಷಿಣದ ದಾರಿಯನ್ನು ಮಳೆ ಮುಚ್ಚಿತು. ಶಾಲೋಮ ಭಾಲ್ಕಿಯ ಕಡೆ ತಿರುಗಿಸಿದಳು. ಬೀದರಿನ ಚಿದ್ರಿಯಲ್ಲಿ ಬೆಳೆದವಳಿಗೆ ಈ ಸೀಮೆ ಗೊತ್ತು. ಆದರೆ ಅಲ್ಲೂ ಮೋಡ ತಗ್ಗಿತ್ತು. ಹಿಂದೆ ಔರಾದೂ ಕಾಣದಾಯಿತು.

"ಇಳಸ್ತೇನಿ," ಎಂದಳು.

"ಎಲ್ಲಿ ಇಳಸ್ತೀರಿ? ಅವ್ವಗ ಹಾರ್ಟ್ ಅಟ್ಯಾಕ್ ಆಗ್ಯಾದರಿ. ಎರಡು ತಾಸಿನಾಗ ದವಾಖಾನಿ ಮುಟ್ಟಬೇಕು ಅಂದಾರ ಡಾಕ್ಟರು. ಮೋಡದಾಗ ಹಾಂಗೇ ಹೋಗ್ರಿ," ಎಂದ ರತ್ನದೀಪ.

ಗೊತ್ತಾಗಬಾರದ್ದು ಗೊತ್ತಾಯಿತು. ಒಂದು ಕ್ಷಣ ಮೇಲೇರಿಬಿಡೋಣ ಅನಿಸಿತು. ಆದರೆ ಈ ಯಂತ್ರ ಮೋಡದೊಳಗೆ ಹಾರುವಂಥದ್ದಲ್ಲ. ನೆಲ ಕಣ್ಮರೆಯಾದರೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ಮೈಗೆ ತಿಳಿಯುವುದಿಲ್ಲ.

"ಅಣ್ಣಾ, ಮೋಡದಾಗ ಹೊಕ್ಕರ ನಾವ್ಯಾರೂ ಹೊರಗ ಬರೋದಿಲ್ಲರಿ. ಯುನುಸಭಾಯ್, ಭಾಲ್ಕಿ ಅಂಬುಲೆನ್ಸಿಗೆ ಫೋನ್ ಹಚ್ಚ್ರಿ."

"ಅವ್ವ ಸತ್ತರ ನೀವೇ ಜವಾಬ್ದಾರ."

ಶಾಲೋಮ ನೆಲ ನೋಡಿದಳು. ಕೆಳಗೊಂದು ಸೋಯಾ ಹೊಲ. ಇಂಥ ಬೆಳಕಿನಲ್ಲಿ ಕರೆಂಟಿನ ತಂತಿ ಕಾಣುವುದಿಲ್ಲ, ಕಂಬ ಹುಡುಕಬೇಕು. ಬಾವಿಯ ಹತ್ತಿರ ಒಂದು ಕಂಬವಿತ್ತು. ಇನ್ನೊಂದೆಲ್ಲಿ? ಗಾಳಿಯಲ್ಲೇ ನಿಲ್ಲಿಸಿ ಕಣ್ಣಾಡಿಸಿದಳು. ಎಡಗಡೆ ಬದುವಿನಾಚೆ ಎರಡನೆಯದು ಕಂಡಿತು. ತಂತಿ ಸರಿಯಾಗಿ ಅವಳ ಮುಂದೆಯೇ ಹಾದುಹೋಗಿತ್ತು. ಹಿಂದೆ ಸರಿದು, ಬಲಕ್ಕೆ ಹೊರಳಿ, ನಿಧಾನ ಇಳಿಸಿದಳು.

ಕೆಸರು ತಾಗುವಷ್ಟರಲ್ಲಿ ಬದುವಿನಿಂದ ಜನ ಓಡಿಬರುತ್ತಿದ್ದರು, ಅದೂ ಹೆಲಿಕಾಪ್ಟರಿನ ಬಾಲದ ಕಡೆಗೆ. ಅಲ್ಲಿನ ಸಣ್ಣ ಪಂಖ ಇನ್ನೂ ತಿರುಗುತ್ತಿತ್ತು, ಆ ವೇಗದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮುಂದಿದ್ದವನು ಹೊಲದ ಯಜಮಾನ, ಮುದುಕ ಬಕ್ಕಪ್ಪ.

"ಅಣ್ಣಾ, ತಲಿ ಬಗ್ಗಿಸಿ ಮುಂದಿನಿಂದ ಇಳೀರಿ. ಅವರನ್ನ ತಡೀರಿ. ಹಿಂದ ಮಾತ್ರ ಹೋಗಬ್ಯಾಡ್ರಿ."

ಸಿಟ್ಟಿನಲ್ಲಿದ್ದರೂ ರತ್ನದೀಪ ತಲೆ ಬಗ್ಗಿಸಿ ಇಳಿದು ಓಡಿದ. ಬಕ್ಕಪ್ಪನನ್ನು ಎರಡೂ ಕೈಯಿಂದ ತಬ್ಬಿ ನಿಲ್ಲಿಸಿದಾಗ ಪಂಖಕ್ಕೂ ಅವರಿಗೂ ಹತ್ತು ಹೆಜ್ಜೆ.

ಅಂಬುಲೆನ್ಸ್ ಕೆಸರಿಗೆ ಹೆದರಿ ರಸ್ತೆಯಲ್ಲೇ ನಿಂತಿತು. ಬಕ್ಕಪ್ಪ ಟ್ರ್ಯಾಕ್ಟರ್ ತಂದ, ಸ್ಟ್ರೆಚರನ್ನು ಟ್ರಾಲಿಗೆ ಏರಿಸಿ ಸಾಗಿಸಿದರು. ರತ್ನದೀಪ ಶಾಲೋಮಳ ಕಡೆ ನೋಡದೆ ಹೋದ.

ಮೋಡ ಸರಿಯುವ ತನಕ ಬಕ್ಕಪ್ಪನ ಮನೆಯ ಕಟ್ಟೆಯ ಮೇಲೆ ಕೂತ ಶಾಲೋಮ ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ರಸ್ತೆಯ ಕಡೆ ನೋಡಿದಳು. ಆ ಹೆಣ್ಣುಮಗಳು ದಾರಿಯಲ್ಲೇ ಹೋದರೆ ತಾನು ಮಾಡಿದ್ದು ಸರಿ ಎಂದು ಯಾರಿಗೆ ಹೇಳುವುದು?

ಸಂಜೆ ಯುನುಸನ ಫೋನ್ ಬಂತು. ಭಾಲ್ಕಿಯಲ್ಲಿ ಇಂಜೆಕ್ಷನ್ ಕೊಟ್ಟು ಬೀದರಿಗೆ ಒಯ್ದಿದ್ದರು. "ಅಮ್ಮ ಮಾತಾಡ್ಲತ್ತಾರರಿ. ರತ್ನದೀಪಗ ಕೊಡ್ತೇನಿ ನೋಡ್ರಿ."

ರತ್ನದೀಪ ಫೋನ್ ಹಿಡಿದು ಕೇಳಿದ, "ನೀವು ಊಟ ಮಾಡೀರೇನ್ರಿ?"