ವಾಪಸ್ ಬರುವ ಪುರಾವೆ

"ಮಣ್ಣು ಅಂಗೇ ಅದೆ ಕಣ್ಲೇ ಮುಂಡೆ! ಪ್ಲೇನ್ ಅತ್ತಕ್ಕೆ ಮುಂಚೆ ನೆಟ್ಟಗೆ ಶುಂಠಿ ತೊಳಿಯಾದು ಕಲಿ!"

ಸರಗೂರಿನ ಹೊರಗಿನ ಶುಂಠಿ ಶೆಡ್ಡಿನಲ್ಲಿ ಮಾಲೀಕ ಕಂಠಪ್ಪ ಹೀಗೆ ಕೂಗಿದಾಗ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ಚಿಕ್ಕಸಿದ್ದಮ್ಮ ನಗಲಿಲ್ಲ. ಮೊಣಕಾಲುದ್ದ ನೀರಿನ ತೊಟ್ಟಿಯಲ್ಲಿ ನಿಂತು ಶುಂಠಿ ತುಳಿದು ಮಣ್ಣು ಬಿಡಿಸುತ್ತಲೇ ಇದ್ದಳು.

ಅವಳ ಕೇರಿಯಲ್ಲಿ ಗಂಡಸರು ಸಾವಿಗೆ ಬಾರಿಸುತ್ತಿದ್ದ ತಮಟೆಯನ್ನು ಹೆಂಗಸರ ಕೈಗೆ ಕೊಟ್ಟವಳು ಸಂಘಮಿತ್ರ ಟೀಚರು. ಎಂಟು ಜನರ ತಂಡ, ಮೊದಲ ಪೆಟ್ಟು ಚಿಕ್ಕಸಿದ್ದಮ್ಮನದು. ಯಾರೋ ಹಾಕಿದ ವಿಡಿಯೋ ನೋಡಿ ಯುರೋಪಿನ ಉತ್ಸವವೊಂದು ಇವರನ್ನು ಕರೆದಿತ್ತು. ಟಿಕೆಟ್ಟು, ಊಟ ಎಲ್ಲ ಅವರದೇ. ಪಾಸ್‌ಪೋರ್ಟೂ ಬಂತು. ಉಳಿದದ್ದು ವೀಸಾ.

ಬೆಂಗಳೂರಿನ ಕಚೇರಿಯ ಗಾಜಿನಾಚೆ ಕೂತವನು ತಲೆ ಎತ್ತದೆ ಕೇಳಿದ್ದ.

"ಹೆಸರಲ್ಲಿ ಜಮೀನಿದೆಯಾ?"

"ಇಲ್ಲ ಸಾ."

"ಕೆಲಸ ಕೊಟ್ಟವರ ಪತ್ರ?"

"ಕೂಲಿ ಸಾ. ಯಾರ್ ಕೊಟ್ಟಾರು?"

"ಗಂಡ?"

"ಸತ್ತೋದ."

"ಮತ್ತೆ ವಾಪಸ್ ಯಾಕೆ ಬರ್ತೀರಿ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗ್ಳು ಊರಲ್ಲವ್ಳೆ ಸಾ. ಮನೆಗ್ ಬರ್ದೆ ಇನ್ನೆಲ್ಗೋಗ್ಲಿ?"

"ಅದು ದಾಖಲೆ ಅಲ್ಲಮ್ಮ."

"ಒಸಿ ಬಾರ್ಸಿ ತೋರುಸ್ಲಾ? ತಮಟೆ ಗೇಟಲ್ ಇಸ್ಕೊಂಡವ್ರೆ…"

"ನೆಕ್ಸ್ಟ್."

ಹನ್ನೆರಡು ದಿನದ ಮೇಲೆ ಕಾಗದ ಬಂತು. ಸಂಬಳವಿದ್ದ ಸಂಘಮಿತ್ರಳಿಗೆ, ಎರಡೆಕರೆ ಗದ್ದೆಯಿದ್ದ ಇನ್ನೊಬ್ಬಳಿಗೆ ವೀಸಾ ಸಿಕ್ಕಿತ್ತು. ಉಳಿದ ಆರು ಜನ ತಮ್ಮ ದೇಶಕ್ಕೆ ಮರಳುವರೆಂದು ನಂಬಲಾಗದು ಎಂದು ಬರೆದಿತ್ತು.

"ಇನ್ನೊಂದ್ಸಲ ಹಾಕೋಣ ಅಕ್ಕ," ಎಂದಳು ಸಂಘಮಿತ್ರ. "ಕಂಠಪ್ಪ ಒಂದು ಪತ್ರ ಕೊಟ್ರೆ ಸಾಕು."

ಚಿಕ್ಕಸಿದ್ದಮ್ಮ ಮಾಲೀಕನ ಮುಂದೆ ನಿಂತಳು. "ಏಳ್ ವರ್ಸದಿಂದ ಇಲ್ಲೇ ತುಳೀತಿವ್ನಿ. ಅಷ್ಟು ಬರ್ಕೊಡಿ ಬುದ್ಧಿ."

"ಸತ್ತ ದನದ ಚರ್ಮ ಬಡಿಯಾಳ್ಗೆ ಫಾರಿನ್ನು!" ಕಂಠಪ್ಪ ಉಗಿದ. ಆದರೆ ಮಾರನೇ ದಿನ ತಾನೇ ಕರೆದು ಛಾಪಾ ಕಾಗದವೊಂದನ್ನು ತೊಟ್ಟಿಯ ಪಕ್ಕದ ಮೇಜಿನ ಮೇಲಿಟ್ಟ.

ಅವಳು ಅಕ್ಷರ ಕೂಡಿಸಿ ಓದಿದಳು. ಮೂರು ವರ್ಷ ಬೇರೆ ಯಾರ ಕೆಲಸಕ್ಕೂ ಹೋಗತಕ್ಕದ್ದಲ್ಲ. ವಿದೇಶದಿಂದ ಊರಿಗೆ ಬಂದೊಡನೆ ಪಾಸ್‌ಪೋರ್ಟನ್ನು ಮಾಲೀಕರ ವಶಕ್ಕೆ ಕೊಡತಕ್ಕದ್ದು. ಮಾಲೀಕರ ಅಪ್ಪಣೆಯಿಲ್ಲದೆ ತಮಟೆ ಮುಟ್ಟತಕ್ಕದ್ದಲ್ಲ.

"ಇದೇನ್ ಬುದ್ಧಿ?"

"ಕಟ್ಟಾಕಿದ್ರೆ ತಾನೇ ಅವ್ರು ನಂಬಾದು, ದನ ಕೊಟ್ಟಿಗೆಗ್ ಬತ್ತದೆ ಅಂತ?" ಕಂಠಪ್ಪ ಮಸಿಯ ಪ್ಯಾಡನ್ನು ಮುಂದೆ ತಳ್ಳಿದ. "ಒತ್ತು, ಪತ್ರ ಕೊಡ್ತೀನಿ."

"ನಂಗೆ ರುಜು ಆಕಕ್ ಬತ್ತದೆ."

"ನಿನ್ ರುಜು ಯಾರಿಗ್ ಬೇಕ್ಲೇ ಲೌಡಿ? ಎಬ್ಬೆಟ್ ಒತ್ತು!"

ಅವಳ ಕೈ ಹಿಡಿದೆಳೆದು ತಾನೇ ಹೆಬ್ಬೆರಳನ್ನು ಮಸಿಗೆ ಅದ್ದಿದ. ಕೈ ಕಾಗದದ ಮೇಲೆ ಬಂತು. ಅವಳಿಗೆ ವಿಮಾನ ನೆನಪಾಯಿತು. ಫೋನಿನಲ್ಲಿ ಉತ್ಸವದ ದೀಪಗಳನ್ನು ನೋಡಿ ಮಗಳು ಕುಣಿದದ್ದು ನೆನಪಾಯಿತು. ಒಂದು ಗಳಿಗೆ ಒತ್ತಿಯೇಬಿಡುವವಳಿದ್ದಳು.

ಆಮೇಲೆ ಕೈ ಕಿತ್ತುಕೊಂಡು ಕಂಠಪ್ಪನ ಬಿಳಿ ಅಂಗಿಯ ಎದೆಗೆ ಹೆಬ್ಬೆರಳು ಊರಿ, ಹೊಟ್ಟೆಯವರೆಗೂ ಎಳೆದಳು.

ತೊಟ್ಟಿಯಲ್ಲಿ ತುಳಿಯುತ್ತಿದ್ದ ಕಾಲುಗಳೆಲ್ಲ ನಿಂತವು.

"ಗೇಟ್ ಆಕ್ರೋ! ಇವ್ಳು ಆಚ್ಗ್ ಓಗ್ಕೂಡ್ದು!" ಕಂಠಪ್ಪ ಅರಚಿದ.

ಸರಪಳಿ ಎಳೆಯುವ ಸದ್ದಾಯಿತು. ಚಿಕ್ಕಸಿದ್ದಮ್ಮ ಗೇಟಿನ ಕಡೆಗೇ ನಡೆದಳು.