ಮಹಾಲಕ್ಷ್ಮಿ ಹೇಳಿದ ರುಚಿ

ಕಲ್ಲಪ್ಪನವರಿಗೆ ಹೊರಗೆ ಕೂತು ಉಣ್ಣುವುದನ್ನು ಕಲಿಸಿದ್ದು ಫ್ರಾನ್ಸಿನ ದಿಜೋನ್ ಎಂಬ ಊರು. ಇಪ್ಪತ್ತಾರು ವರ್ಷಗಳ ಹಿಂದೆ, ಖನಿಜ ಪರೀಕ್ಷೆಯ ತರಬೇತಿಗೆಂದು ಸರ್ಕಾರ ಅವರನ್ನು ಹತ್ತು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿತ್ತು. ನವಲಗುಂದದ ಕಡೆಯವರು, ಮಾಂಸ ಮುಟ್ಟದ ಮನೆತನ. ಮೊದಲ ತಿಂಗಳನ್ನು ಬ್ರೆಡ್ಡು, ಬಾಳೆಹಣ್ಣುಗಳಲ್ಲೇ ಕಳೆದರು. ಆಮೇಲೊಂದು ಶನಿವಾರ ಮಧ್ಯಾಹ್ನ, ಚರ್ಚಿನ ಹಿಂದಿನ ಓಣಿಯ ಒಂದು ರೆಸ್ಟೋರೆಂಟಿನ ಮುಂದೆ ನಿಂತು ಊಟದ ಪಟ್ಟಿ ಓದುತ್ತಿದ್ದಾಗ ಅದರ ಯಜಮಾನಿಯೇ ಹೊರಬಂದು ಅವರನ್ನು ಒಳಗೆ ಕರೆದಳು. ಮಾಂಸ ಬೇಡ, ಮೀನೂ ಬೇಡ ಎಂದು ಕೈಸನ್ನೆ ಮಾಡಿದ್ದಕ್ಕೆ ಆಕೆ ಸ್ವಲ್ಪ ಯೋಚಿಸಿ, ಬೆಣ್ಣೆಯಲ್ಲಿ ಹುರಿದ ಅಣಬೆಗೆ ಆ ಊರಿಗೇ ಹೆಸರಾದ ಅರೆದ ಸಾಸಿವೆ ಕಲಸಿ ತಂದಿಟ್ಟಳು. ಎರಡು ಗಂಟೆ ಕೂತರೂ ಯಾರೂ ಏಳಿ ಎನ್ನಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವರು ಆ ಊರಿನ ಒಂದಲ್ಲ ಒಂದು ಒಳ್ಳೆಯ ರೆಸ್ಟೋರೆಂಟಿನಲ್ಲಿರುತ್ತಿದ್ದರು.

ಕೆಲಸವಿದ್ದ ಕೋಲ್ಕತ್ತಕ್ಕೆ ಮರಳಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮದುವೆಯಾಯಿತು, ಮಗಳು ಮೇಧಾ ಹುಟ್ಟಿದಳು, ಕಸ್ಬಾದಲ್ಲಿ ಫ್ಲ್ಯಾಟ್ ಆಯಿತು. ತಿಂಗಳ ಮೊದಲ ಶನಿವಾರ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರಿನ ಒಂದು ಒಳ್ಳೆಯ ಜಾಗ ಹುಡುಕಿಕೊಂಡು ಹೋಗಿ, ನಿಧಾನವಾಗಿ ಉಂಡು ಬರುತ್ತಿದ್ದರು. ಹೆಚ್ಚಾಗಿ ಒಬ್ಬರೇ. ಹೆಂಡತಿ ಮಹಾಲಕ್ಷ್ಮಿಗೆ ಅದು ಅರ್ಥವಾಗದ ಚಟ. "ಮನ್ಯಾಗ ಎರಡು ರೊಟ್ಟಿ ಬಡದ್ರ ಆತು. ಊಟಕ್ಕ ಇಷ್ಟ್ಯಾಕ ಸಿಂಗಾರ?" ಎನ್ನುತ್ತಿದ್ದಳು. ಮನೆಯ ಅಡುಗೆಯನ್ನೂ ಅವರು ಪರೀಕ್ಷೆಯ ಪೇಪರಿನಂತೆ ನೋಡುತ್ತಿದ್ದುದು ಅವಳ ಇನ್ನೊಂದು ತಕರಾರು. ಬದನೇಕಾಯಿಗೆ ಗುರೆಳ್ಳು ತುಸು ಹೆಚ್ಚು ಹುರಿದೆ, ಸಾರಿಗೆ ಇಂಗು ಮೊದಲೇ ಬಿತ್ತು. ಏನಾದರೊಂದು ಇದ್ದೇ ಇರುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಅವರಿಗೆ ಎಂಟು ದಿನ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಕಾಫಿ ಬಿಸಿ ಕಹಿನೀರಾಯಿತು. ಉಪ್ಪು, ಹುಳಿ, ಖಾರ, ಸಿಹಿ, ಕಹಿ ನಾಲಗೆಗೆ ತಿಳಿಯುತ್ತಿದ್ದವು. ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಡಾಕ್ಟರು, "ಬರಬಹುದು, ಬರದೆಯೂ ಇರಬಹುದು. ಕಾಯಬೇಕು," ಎಂದರು.

ಜನವರಿಯ ಮೊದಲ ಶನಿವಾರ ಬಂದು ಹೋಯಿತು. ಫೆಬ್ರುವರಿಯದೂ ಹೋಯಿತು. ಕಲ್ಲಪ್ಪನವರು ಮನೆಯಲ್ಲೇ ಪೇಪರ್ ಓದುತ್ತ ಕೂತರು. ತಟ್ಟೆಗೆ ಬಡಿಸಿದ್ದನ್ನು ಮಾತಿಲ್ಲದೆ ಉಂಡು ಏಳುತ್ತಿದ್ದರು. ಒಂದು ದಿನ ಮಹಾಲಕ್ಷ್ಮಿ ಫೋನಿನಲ್ಲಿ ಮಾತಾಡುತ್ತ ಒಗ್ಗರಣೆ ಸೀಯಿಸಿಬಿಟ್ಟಳು. ಹಾಗೇ ಬಡಿಸಿ, ಈಗ ಏನಾದರೂ ಅಂದಾರು ಎಂದು ಕಾದಳು. ಅವರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ಒಳಗೆ ಹೋಗಿ ಅವಳು ಸಿಂಕಿನ ಮುಂದೆ ಸುಮ್ಮನೆ ನಿಂತಳು. ಇಪ್ಪತ್ತೆರಡು ವರ್ಷ ಯಾವುದನ್ನು ಬೈದುಕೊಂಡಿದ್ದಳೋ ಅದೇ ಈಗ ಬೇಕೆನಿಸಿತ್ತು.

ಆ ವಾರ ಅವಳು ಮೇಧಾಳನ್ನು ಕೇಳಿದಳು. ಜಾದವಪುರದಲ್ಲಿ ಓದುತ್ತಿದ್ದ ಮೇಧಾಗೆ ಊರಿನ ಹೊಸ ಜಾಗಗಳೆಲ್ಲ ಗೊತ್ತು. ಬಾಲಿಗಂಜಿನ ಒಂದು ಹಳೆಯ ಮನೆಯ ಕೆಳಮಹಡಿಯಲ್ಲಿ, ಫ್ರಾನ್ಸಿನಲ್ಲಿ ಅಡುಗೆ ಕಲಿತು ಬಂದ ಮನೀಷ್ ಎಂಬ ಬಂಗಾಳಿ, ಎಂಟೇ ಮೇಜುಗಳ ರೆಸ್ಟೋರೆಂಟ್ ತೆರೆದಿದ್ದ.

"ಅಪ್ಪಾ, ಸ್ಯಾಟರ್ಡೇ ಒಂದು ಗಂಟೆಗೆ ಟೇಬಲ್ ಬುಕ್ ಮಾಡೀನಿ. ನೀ ಮತ್ತ ಅಮ್ಮ. ಕ್ಯಾನ್ಸಲ್ ಮಾಡಾಕ ಬರೂದಿಲ್ಲ," ಎಂದಳು ಮೇಧಾ.

"ನನಗೇನ್ ಗೊತ್ತಾಗತೈತಿ ಅಲ್ಲಿ? ಥರ್ಮಾಕೋಲ್ ತಿಂದಂಗ ಆಗತೈತಿ."

"ನನಗ ಗೊತ್ತಾಗತೈತಲ್ರಿ," ಎಂದಳು ಮಹಾಲಕ್ಷ್ಮಿ. "ನಾ ತಿಂತೀನಿ, ನಾ ಹೇಳ್ತೀನಿ. ನೀವು ಕೇಳ್ರಿ."

ಕಲ್ಲಪ್ಪನವರು ಹೆಂಡತಿಯನ್ನು ನೋಡಿದರು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮಾರ್ಚಿನ ಆ ಶನಿವಾರ ಅವಳು ಇಳಕಲ್ ಸೀರೆ ಉಟ್ಟಳು. ಆ ರೆಸ್ಟೋರೆಂಟಿನಲ್ಲಿ ಮೊದಲು ಈರುಳ್ಳಿಯ ಸೂಪ್ ಬಂತು. ಮಾಂಸದ ನೀರಿಲ್ಲದೆ ತಮಗಾಗಿ ಬೇರೆ ಮಾಡಿಸಿದ್ದು. ಮೇಲೆ ಬ್ರೆಡ್ಡು, ಕರಗಿದ ಚೀಸು. ಮಹಾಲಕ್ಷ್ಮಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹೇಳು," ಎಂದರು ಕಲ್ಲಪ್ಪನವರು, ತಮ್ಮ ಚಮಚ ಮೇಲೆತ್ತದೆ.

"ತಡೀರಿ, ಒಂದ್ ಸ್ವಲ್ಪ." ಇನ್ನೊಂದು ಚಮಚ ಕುಡಿದಳು. "ಉಳ್ಳಾಗಡ್ಡಿ ಭಾಳ ಹೊತ್ತು ಬಾಡಸ್ಯಾರ. ಬೆಲ್ಲ ಹಾಕಿಲ್ಲ, ಆದ್ರ ಬೆಲ್ಲದ ಪಾಕ ಕೆಂಪಗಾಗೂಮುಂದ ಬರ್ತೈತಲ್ಲ, ಆ ವಾಸನಿ ಐತಿ. ಈ ಚೀಸ್ ಅಂದ್ರ..." ಮೂಗು ಮುರಿದಳು. "ಮಳ್ಯಾಗ ತೊಯ್ದ ಕಂಬಳಿ ನೋಡ್ರಿ."

ಕಲ್ಲಪ್ಪನವರು ನಕ್ಕರು. "ಅದ ಅದು. ಹಂಗ ಇರಬೇಕು ಅದು."

ಆಮೇಲೆ ಅವರೂ ಚಮಚ ತೆಗೆದುಕೊಂಡರು. ನಾಲಗೆಯ ಮೇಲೆ ಉಪ್ಪು, ಸ್ವಲ್ಪ ಸಿಹಿ. ಉಳಿದದ್ದಕ್ಕೆ ಅವಳ ಮಾತು ಇತ್ತು. ಸೂಪಿನ ನಂತರ ಬಂದ ಅಣಬೆಯ ಜೊತೆಗಿದ್ದ ಅರೆದ ಸಾಸಿವೆಯನ್ನು ಬಾಯಿಗಿಟ್ಟಾಗ ಮೂಗಿನೊಳಗೆ ಚುರ್ರೆಂದು ಕಣ್ಣಲ್ಲಿ ನೀರು ಬಂತು. ವಾಸನೆಯಲ್ಲ, ಬರೀ ಘಾಟು. ಆದರೂ ಮೂರು ತಿಂಗಳಲ್ಲಿ ಮೂಗಿಗೆ ತಾಕಿದ ಮೊದಲ ಸಂಗತಿ ಅದೇ ಆಗಿತ್ತು. ಆ ನೆಪದಲ್ಲಿ ಅವರು ದಿಜೋನಿನ ಯಜಮಾನಿಯ ಕತೆ ಹೇಳಿದರು. ಮದುವೆಯಾದ ಹೊಸತರಲ್ಲಿ ಹೇಳಿದ್ದೇ. ಅವತ್ತು ಮಹಾಲಕ್ಷ್ಮಿ ಕಿವಿಗೊಟ್ಟಿರಲಿಲ್ಲ.

ಏಪ್ರಿಲಿನಲ್ಲಿ ಎಸ್ಪ್ಲನೇಡ್ ಬಳಿಯ ದೊಡ್ಡದೊಂದು ಹೋಟೆಲಿಗೆ ಹೋದರು. ಕಲ್ಲಪ್ಪನವರು ವಾರದಿಂದ ಅದರ ಮಾತೇ ಆಡಿದ್ದರು, ಹಿಂದೆ ಅಲ್ಲಿ ಉಂಡಿದ್ದನ್ನು ನೆನೆದಿದ್ದರು. ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ ಬಂತು. ಮಹಾಲಕ್ಷ್ಮಿ ಎರಡು ತುತ್ತು ತಿಂದು, "ಛಲೋ ಐತಿ. ಬೆಣ್ಣಿ, ಬಳ್ಳೊಳ್ಳಿ, ಘಮಾಘಮ," ಎಂದಳು. ಅವರು ತಲೆಯಾಡಿಸಿ ತಿನ್ನತೊಡಗಿದರು. ಅರ್ಧಕ್ಕೆ ನಿಲ್ಲಿಸಿದರು. ಅವಳ ಚಮಚ ತಟ್ಟೆಯ ಅಂಚಿನಲ್ಲಿ ಇಟ್ಟಲ್ಲೇ ಇತ್ತು.

"ನೀ ಯಾಕ ತಿನ್ನವಲ್ಲಿ?"

"ಹೊಟ್ಟಿ ತುಂಬೇತಿ."

"ಈಗ ಬಂದು ಕುಂತೀವಿ." ಅವರ ದನಿ ತಗ್ಗಿತು. "ಮಹಾಲಕ್ಷ್ಮಿ, ನನ್ನ ಮೂಗು ಹೋಗೇತಿ, ಕಣ್ಣು ಹೋಗಿಲ್ಲ."

ಅವಳು ಚಮಚ ಎತ್ತಿ ಮತ್ತೆ ಅಲ್ಲೇ ಇಟ್ಟಳು. ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

"ನಿನ್ನಿ ಮಾಡಿದ್ದು ಇದು," ಎಂದಳು ಕೊನೆಗೆ. "ಫ್ರಿಜ್ಜಿನ ವಾಸನಿ ಬರ್ತೈತಿ. ಕೆನಿ ಕಮಟು ನಾರತೈತಿ. ನೀವು ಭಾಳ ಆಸೆ ಇಟಗೊಂಡ್ ಬಂದಿದ್ರಿ, ಅದಕ್ಕ..."

"ನೀ ಸುಳ್ಳು ಹೇಳಿದ್ರ ನನಗ ಏನೂ ಉಳಿಯೂದಿಲ್ಲ. ಅಷ್ಟ."

ಅವರು ಗದರಲಿಲ್ಲ. ಅದೇ ಅವಳಿಗೆ ನಾಟಿತು. ಮಾಣಿಯನ್ನು ಕರೆದು, ತನ್ನ ಹರಕು ಹಿಂದಿಯಲ್ಲಿ ಇದು ಇವತ್ತಿನದಲ್ಲ ಎಂದು ಅವಳೇ ಹೇಳಿದಳು. ಅವನು ಅಡುಗೆಮನೆಗೆ ಹೋಗಿ ಬಂದು, ತಲೆ ತಗ್ಗಿಸಿ ತಟ್ಟೆ ಎತ್ತಿಕೊಂಡು ಹೋದ. ಬದಲಿಗೆ ಏನು ಬೇಕೆಂದು ಕೇಳಿದಾಗ ಇಬ್ಬರೂ ಒಟ್ಟಿಗೆ ಬೇಡವೆಂದರು.

ಮೆಟ್ರೊದಲ್ಲಿ ಜಾಗ ಸಿಕ್ಕಿತು. ರವೀಂದ್ರ ಸರೋವರ ನಿಲ್ದಾಣ ಬರುವವರೆಗೆ ಮಹಾಲಕ್ಷ್ಮಿ ಕಿಟಕಿಯ ಕತ್ತಲನ್ನೇ ನೋಡುತ್ತಿದ್ದಳು.

"ಫೆಬ್ರುವರಿಯಾಗ ಒಗ್ಗರಣಿ ಸೀಯಿಸಿದ್ದೆ," ಎಂದಳು. "ನಿಮಗ ಹಂಗ ಬಡಿಸಿದೆ. ಬೈತೀರಿ ಅಂತ ಕಾಯ್ಕೋತ ನಿಂತಿದ್ದೆ."

"ನನಗ ಗೊತ್ತಾಗಿತ್ತು."

"ಹೆಂಗ?"

"ಸಾಸಿವಿ ಸುಟ್ಟು ಕರ್ರಗಾಗಿ ಬಾಯಾಗ ಸಿಗತಿದ್ವು. ಕಹಿ ಇತ್ತು."

"ಮತ್ಯಾಕ ಅನ್ನಲಿಲ್ಲ?"

ಕಲ್ಲಪ್ಪನವರು ಕೈಯಲ್ಲಿದ್ದ ಛತ್ರಿಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು. "ಪೂರಾ ರುಚಿ ಗೊತ್ತಾಗದವ್ನು ಅಡಗ್ಯಾಗ ತಪ್ಪು ಹುಡುಕಿ ಹೆಸರಿಡಬಾರದು ಅನಿಸ್ತು."

"ಇಡ್ರಿ," ಎಂದಳು ಅವಳು. "ಗೊತ್ತಾದಷ್ಟಕ್ಕ ಇಡ್ರಿ."

ಸೋಮವಾರ ಸಾರಿಗೆ ಹುಣಸೇಹುಳಿ ಜಾಸ್ತಿಯಾಗಿದೆ ಎಂದು ಅವರು ಅಂದರು. ಅವಳು ಎಂದಿನಂತೆ ಸಿಡುಕಿದಳು. ಮೇಧಾ ಇಬ್ಬರ ಮುಖ ನೋಡಿ, ಏನೂ ಕೇಳದೆ ಕಾಲೇಜಿಗೆ ಹೋದಳು.

ಮೇ ತಿಂಗಳಿಂದ ಜಾಗ ಆರಿಸುವ ಕೆಲಸ ಮಹಾಲಕ್ಷ್ಮಿಯದಾಯಿತು. ಬಾಲಿಗಂಜಿನ ರೆಸ್ಟೋರೆಂಟಿಗೆ ಎರಡನೇ ಸಲ ಹೋದಾಗ ಮನೀಷ್ ಮೇಜಿನ ಬಳಿ ಬಂದು ಹೇಗಿದೆಯೆಂದು ಕೇಳಿದ. "ಅಣಬೆಗೆ ಉಪ್ಪು ಕೊನೆಗೆ ಹಾಕಬೇಕು, ಮೊದಲೇ ಹಾಕಿದ್ದಕ್ಕೆ ನೀರು ಬಿಟ್ಟಿದೆ," ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಕಲ್ಲಪ್ಪನವರು ಮುಜುಗರದಿಂದ ನ್ಯಾಪ್ಕಿನ್ ಮಡಿಸಿದರು. ಮನೀಷ್ ಮಾತ್ರ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ಇನ್ನೇನಾದರೂ ಇದೆಯೇ ಎಂದು ಕೇಳಿದ. ಇತ್ತು. ಕಾಲು ಗಂಟೆಯಷ್ಟು ಇತ್ತು.

ಆಗಸ್ಟಿನ ಮೊದಲ ಶನಿವಾರ ಅವರು ಅಲ್ಲೇ ಇದ್ದರು. ಊಟದ ಕೊನೆಗೆ ಮನೀಷ್ ಬೆಣ್ಣೆಯಲ್ಲಿ ಬಾಡಿಸಿದ ಪೇರಲೆಹಣ್ಣನ್ನು ತಾನೇ ತಂದಿಟ್ಟ. ಮಹಾಲಕ್ಷ್ಮಿ ಹೇಳಲು ಬಾಯಿ ತೆರೆಯುವ ಮೊದಲೇ ಕಲ್ಲಪ್ಪನವರು ಕೈ ಎತ್ತಿ ತಡೆದರು. ತಟ್ಟೆಯ ಮೇಲೆ ಬಗ್ಗಿದರು. ಮತ್ತೊಮ್ಮೆ ಬಗ್ಗಿದರು.

"ಏನೋ ಬಂತು."

"ಏನ್ ಬಂತ್ರಿ?"

"ಗೊತ್ತಾಗವಲ್ತು. ಪೇರಲ ಅಲ್ಲ. ಪೇರಲ ಅಂತ ಅನಸೂದಿಲ್ಲ. ಯಾವುದೋ ಬ್ಯಾರೆ ವಾಸನಿ, ಸುಟ್ಟದ್ದೋ ಏನೋ. ಆದ್ರ ಬಂತು." ಅವರ ಮುಖ ಕೆಂಪಾಗಿತ್ತು. "ಈಗ ಹೋತು."

ಮಾಣಿ ಬಂದು ತಟ್ಟೆಗೆ ಕೈ ಹಾಕಿದ. ಮಹಾಲಕ್ಷ್ಮಿ ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇರಲಿ ಬಿಡು," ಎಂದಳು ಅವನಿಗೆ, ಕನ್ನಡದಲ್ಲೇ. ಆಮೇಲೆ ತಟ್ಟೆಯನ್ನು ಗಂಡನ ಕಡೆ ಇನ್ನಷ್ಟು ಸರಿಸಿದಳು. "ಅವಸರ ಇಲ್ಲ. ಕುಂದರೂಣು."